ತಳ ಹಿಡಿಯದಂತೆ ಕೈಯಾಡಿಸಿದವರಿಗೆ

ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿಯ ಎರಡು ಕಾದಂಬರಿಗಳಲ್ಲಿ, 1886ರ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಮತ್ತು 1891ರ ‘ಟೆಸ್’ನಲ್ಲಿ, ಬರುವ ಅಡುಗೆ, ಹೈನು, ಧಾನ್ಯದ ಮಾತುಗಳಿಗೆ ಕನ್ನಡ ಟಿಪ್ಪಣಿ ಬರೆಯುವ ಕೆಲಸ ಈ ವಾರ ಮುಗಿಯಿತು. ನಿಘಂಟು ಕೈಬಿಟ್ಟಲ್ಲೆಲ್ಲ ಕೈಹಿಡಿದವರು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆಯವರು. ಅವರಿಗೆಲ್ಲ ಕೈಮುಗಿಯುತ್ತೇವೆ.

ಮೊದಲ ವಂದನೆ ಜೆಂಬರದ, ಎಂದರೆ ಮದುವೆ-ಮುಂಜಿಯಂಥ ಸಮಾರಂಭಗಳ, ಅಡುಗೆಯವರಿಗೆ. ‘ಮೇಯರ್’ ಶುರುವಾಗುವುದೇ ಜಾತ್ರೆಯ ಡೇರೆಯಲ್ಲಿ ಮಾರುವ ಫರ್ಮಿಟಿ ಎಂಬ ಗಂಜಿಯಿಂದ: ಇಡೀ ಕಾಳು, ಹಿಟ್ಟು, ಹಾಲು, ಒಣದ್ರಾಕ್ಷಿ. ಗುಟ್ಟಾಗಿ ರಮ್ ಬೆರೆಸಿದ ಫರ್ಮಿಟಿಯ ಅಮಲಿನಲ್ಲೇ ಕಥಾನಾಯಕ ಹೆಂಚರ್ಡ್ ಹೆಂಡತಿಯನ್ನು ಐದು ಗಿನಿಗೆ ಮಾರುತ್ತಾನೆ. ಮೂಲದ ‘ಕಾರ್ನ್’ ಇಲ್ಲಿ ಮೆಕ್ಕೆಜೋಳವಲ್ಲ, ಗೋಧಿ. ಕರಡಿನಲ್ಲಿದ್ದ ‘ಗೋಧಿ ಪಾಯಸ’ ಎಂಬ ಅರ್ಥವನ್ನು ಅಡುಗೆಯವರು ಒಪ್ಪಲಿಲ್ಲ. ಪಾಯಸಕ್ಕೆ ಹಾಕುವ ಗೋಧಿ ಕಡಿ ಬೇಗ ಬೇಯುತ್ತದೆ, ಇಡೀ ಕಾಳಿಗೆ ಆ ಲೆಕ್ಕ ನಡೆಯದು. ನೀರು ಚಿಮುಕಿಸಿ ಕುಟ್ಟಿ, ಹೊಟ್ಟು ಕೇರಿ, ಒಂದು ಪಾವಿಗೆ ಮೂರು ಪಾವು ನೀರಿಟ್ಟು, ರಾತ್ರಿಯಿಡೀ ಸಣ್ಣ ಬಿಸಿಯಲ್ಲಿ ಬಿಟ್ಟರೆ ಕಾಳು ಬಿರಿದು ಲೋಳೆಯಾಗಿ ನಿಲ್ಲುತ್ತದೆ. ಹೊಟ್ಟು ಉಳಿದರೆ ಎಷ್ಟು ಬೇಯಿಸಿದರೂ ಸಿಪ್ಪೆ ಹಲ್ಲಿಗೆ ಸಿಗುತ್ತದೆ. ಹಾಲು, ಹಿಟ್ಟು ಆಮೇಲೆ. ಅವು ಬಿದ್ದ ಮೇಲೆ ಒಂದು ಕ್ಷಣ ಕೈ ನಿಲ್ಲಿಸಿದರೂ ತಳ ಹಿಡಿಯುತ್ತದೆ. ಡೇರೆಯ ತುಂಬ ಕೇಳುವ ಸೌಟಿನ ಕೆರೆತವನ್ನು ಹಾರ್ಡಿ ಸುಮ್ಮನೆ ಬರೆದದ್ದಲ್ಲ!

ಗದ್ದೆ ಬೇಸಾಯದವರು ತಿದ್ದಿದ್ದು ಒಂದೇ ಮಾತು, ಆದರೆ ಕಥೆಯ ಕೀಲಿಯಂಥದ್ದು. ಮುಂದೆ ಧಾನ್ಯದ ವ್ಯಾಪಾರಿಯಾದ ಹೆಂಚರ್ಡ್ ಮಾರಿದ ಗೋಧಿಯಿಂದ ಊರಿನ ಬ್ರೆಡ್ಡು ಉಬ್ಬದೆ ಹೋಗುತ್ತದೆ. ಅದು ‘ಕೆಟ್ಟ ಗೋಧಿ’ಯಲ್ಲ, ಮೊಳೆತ ಗೋಧಿ. ಏಣೆಲು, ಎಂದರೆ ಮಳೆಗಾಲದ ಮೊದಲ ಬೆಳೆಯ, ಕೊಯ್ಲಿಗೆ ಮಳೆ ಹಿಡಿದು ತೆನೆಯಲ್ಲೇ ಭತ್ತ ಮೊಳೆತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೊಳೆಯುವಾಗ ಕಾಳಿನ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ನಾದಿದ ಹಿಟ್ಟು ಅಂಟಂಟಾಗಿ, ಬ್ರೆಡ್ಡಿನ ಒಳಗು ಹಸಿಹಸಿಯಾಗಿ ಉಳಿಯುತ್ತದೆ. ಊರಿಗೆ ಬರುವ ಸ್ಕಾಟ್ಲೆಂಡಿನ ಯುವಕ ಫಾರ್ಫ್ರೇ ಮೊಳೆತ ಗೋಧಿಯನ್ನು ಸರಿಪಡಿಸಲು ತೋರಿಸುವ ಉಪಾಯದಿಂದಲೂ ಅದು ಪೂರ್ತಿ ಮೊದಲಿನಂತಾಗದು. ಹಾಗೆಂದು ಅವನೇ ಹೇಳುತ್ತಾನೆ.

ಎಲ್ಲಕ್ಕಿಂತ ದೊಡ್ಡ ಋಣ ಕಾಸರಗೋಡು ಗಿಡ್ಡ ದನಗಳನ್ನು ಸಾಕುವ ಮನೆಗಳ ಹೆಂಗಸರದು. ಎರಡನೆಯ ಕಾದಂಬರಿಯ ನಾಯಕಿ ಟೆಸ್ ದುಡಿಯುವ ಡೈರಿಯಲ್ಲಿ ಬೆಣ್ಣೆಗೆ ಬೆಳ್ಳುಳ್ಳಿಯ ಘಾಟು ಬಂದು, ಎಲ್ಲರೂ ಸಾಲುಹಿಡಿದು ಹುಲ್ಲುಗಾವಲಲ್ಲಿ ಕಾಡುಬೆಳ್ಳುಳ್ಳಿ ಹುಡುಕುತ್ತಾರೆ. ಇಡೀ ಬಯಲಲ್ಲಿ ಸಿಕ್ಕಿದ್ದು ಆರು ಚಿಗುರಿಗೂ ಹೆಚ್ಚಿಲ್ಲ. ಒಂದು ದನ ಒಮ್ಮೆ ಬಾಯಿಹಾಕಿದರೂ ಆ ದಿನದ ಬೆಣ್ಣೆಯೆಲ್ಲ ಕೆಡುತ್ತದೆಂಬುದು ಅತಿಶಯೋಕ್ತಿ ಎಂದುಕೊಂಡಿದ್ದೆವು. ಅಲ್ಲವೆಂದು ಈ ಹೆಂಗಸರು ತಿಳಿಸಿದರು: ಮೇವಿನ ವಾಸನೆ ಉಸಿರಿನಿಂದಲೂ ಹೊಟ್ಟೆಯಿಂದಲೂ ರಕ್ತ ಸೇರಿ ಹಾಲಿಗಿಳಿಯುತ್ತದೆ, ಜಿಡ್ಡು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲ್ಲ ದನಗಳ ಹಾಲೂ ಒಂದೇ ಪಾತ್ರೆಗೆ ಬಿದ್ದ ಮೇಲೆ ಬೇರ್ಪಡಿಸಲಾಗದು. ಘಾಟಿನ ಸೊಪ್ಪು ತಿನ್ನಿಸುವುದಿದ್ದರೆ ಹಾಲು ಕರೆದ ಮೇಲೆಯೇ ಎಂಬ ಕಟ್ಟುನಿಟ್ಟು ಅದಕ್ಕೇ.

ಅವರೇ ಹಿಡಿದ ಇನ್ನೊಂದು ತಪ್ಪು: ನಮ್ಮಲ್ಲಿ ಕಡೆಯುವುದು ಮೊಸರನ್ನು, ಆ ಡೈರಿಯಲ್ಲಿ ಅಗಲ ಪಾತ್ರೆಯ ಹಾಲಿನ ಮೇಲೆ ನಿಂತ ಕೆನೆಯನ್ನು. ಹಾಗಾಗಿ ಕೆನೆ ತೆಗೆದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಮಜ್ಜಿಗೆಯಲ್ಲ. ಕರಡಿನಲ್ಲಿ ಹಾಗೆ ಬರೆದಲ್ಲೆಲ್ಲ ಈಗ ‘ಕೆನೆ ತೆಗೆದ ಹಾಲು’ ಎಂದು ತಿದ್ದಿದ್ದೇವೆ.