ಮೊದಲು ಹೆಬ್ಬೆರಳಿನ ಉಂಗುರ, ಆಮೇಲೆ ಬಿಲ್ಲು

ಮಾನ್ಯ ಸಂಪಾದಕರೇ,

ಕೊರಿಯಾದ ಬಿಲ್ಲುಗಾರಿಕೆ ಎಂದರೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಒಲಿಂಪಿಕ್ಸ್ ಸುದ್ದಿ ಮಾತ್ರ. 1988ರಿಂದ 2024ರವರೆಗೆ ಸತತ ಹತ್ತು ಒಲಿಂಪಿಕ್ಸ್‌ಗಳಲ್ಲಿ ದಕ್ಷಿಣ ಕೊರಿಯಾದ ಮಹಿಳಾ ತಂಡ ಚಿನ್ನ ಗೆದ್ದಿರುವಾಗ ಅದು ಸಹಜವೇ. ಆದರೆ ಆ ಬಿಲ್ಲು ಬೇರೆ, ಕೊರಿಯನ್ನರು ತಲೆತಲಾಂತರದಿಂದ ಹಿಡಿದುಕೊಂಡು ಬಂದ ಗಿಡ್ಡ ಬಿಲ್ಲು ಬೇರೆ. ಒಲಿಂಪಿಕ್ಸ್‌ನಲ್ಲಿ ಬಿಲ್ಲಿನ ಮೇಲೆ ಗುರಿ ಹಿಡಿಯುವ ಸಾಧನ ಇರುತ್ತದೆ, ಹೆದೆಯನ್ನು ಮೂರು ಬೆರಳಿಂದ ಎಳೆಯುತ್ತಾರೆ, ಗುರಿ 70 ಮೀಟರ್ ದೂರದಲ್ಲಿರುತ್ತದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಬರಿ ಬಿಲ್ಲು, ಹೆಬ್ಬೆರಳಿನ ಎಳೆತ, 145 ಮೀಟರ್ ದೂರ. 2 ಮೀಟರ್ ಅಗಲ, 2.67 ಮೀಟರ್ ಎತ್ತರದ ಹಲಗೆ ಸುಮಾರು 15 ಡಿಗ್ರಿ ಹಿಂದಕ್ಕೆ ವಾಲಿ ನಿಂತಿರುತ್ತದೆ. ಒಂದು ಸರದಿಗೆ ಐದು ಬಾಣ. ಈ ವಿದ್ಯೆಯನ್ನು ಕೊರಿಯಾ ಸರ್ಕಾರ 2020ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊರಿಯನ್ ಧಾರಾವಾಹಿಗಳನ್ನು ನೋಡಿ ಇಂಥ ಬಿಲ್ಲನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವವರು ಈಗ ನಮ್ಮಲ್ಲೂ ಇದ್ದಾರೆ. ಅವರಲ್ಲಿ ಹಲವರು ಜೊತೆಗೆ ಬಂದ ಉಂಗುರವನ್ನು ಅಲಂಕಾರದ ವಸ್ತು ಎಂದುಕೊಂಡು ಪೆಟ್ಟಿಗೆಯಲ್ಲೇ ಬಿಟ್ಟು ಮೂರು ಬೆರಳಿಂದ ಎಳೆಯುತ್ತಾರೆ. ಬಾಣ ಜಾರುತ್ತದೆ, ಬೆರಳು ನೋಯುತ್ತದೆ, ಒಂದು ತಿಂಗಳಿಗೆ ಬಿಲ್ಲು ಗೋಡೆಯ ಮೊಳೆಗೆ ಏರುತ್ತದೆ. ಹೀಗಾಗಬಾರದೆಂದೇ ಈ ಪತ್ರ.

ಹೆಬ್ಬೆರಳೇ ಯಾಕೆ? ಸುಮಾರು 48 ಇಂಚಿನ ಬಿಲ್ಲನ್ನು ಕಿವಿಯಾಚೆಗೆ, 31–32 ಇಂಚು ಎಳೆದಾಗ ಹೆದೆ ಚೂಪಾದ ಕೋನವಾಗಿ ಮಡಿಯುತ್ತದೆ. ಆ ಕೋನದಲ್ಲಿ ಮೂರು ಬೆರಳು ಒಂದಕ್ಕೊಂದು ಒತ್ತಿ ಹಿಂಡಿದಂತಾಗುತ್ತದೆ. ಒಂದೇ ಬೆರಳಾದರೆ ಹಿಂಡುವ ಪ್ರಶ್ನೆಯೇ ಇಲ್ಲ. ಆದರೆ ಭಾರವೆಲ್ಲ ಅದೊಂದರ ಮೇಲೆ ಬೀಳುವುದರಿಂದ ಉಂಗುರ ಬೇಕು. ಇದು ನಮಗೆ ತೀರ ಹೊರಗಿನ ಸಂಗತಿಯೂ ಅಲ್ಲ. ಏಕಲವ್ಯ ಹೆಬ್ಬೆರಳು ಕೊಟ್ಟ ಮೇಲೆ ಉಳಿದ ಬೆರಳುಗಳಿಂದ ಹೆದೆ ಎಳೆದ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಎಂದು ವ್ಯಾಸಭಾರತದಲ್ಲೇ ಇದೆ. ದ್ರೋಣರು ಕೇಳಿದ್ದು ಯಾವ ಬೆರಳನ್ನು, ಏಕೆ ಎಂಬುದು ಹೆಬ್ಬೆರಳಿಂದ ಹೆದೆ ಎಳೆದವರಿಗೆ ಬೇಗ ಅರ್ಥವಾಗುತ್ತದೆ.

ಕೊರಿಯನ್ನರು ಉಂಗುರವನ್ನು ಕ್ಕಕ್‌ಜಿ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಹೆಣ್ಣುಂಗುರದಲ್ಲಿ ಹೆಬ್ಬೆರಳಿನ ಮೆತ್ತನೆಯ ಭಾಗವನ್ನು ಮುಚ್ಚುವ ನಾಲಿಗೆಯಿರುತ್ತದೆ, ಹೆದೆ ಅದರ ಮೇಲೆ ಕೂರುತ್ತದೆ. ಗಂಡುಂಗುರದಲ್ಲಿ ಒಂದು ಗೂಟ ಹೊರಚಾಚಿರುತ್ತದೆ. ಹೆದೆಯನ್ನು ಗೂಟದ ಬುಡಕ್ಕೆ ಸಿಕ್ಕಿಸಿ, ಗೂಟವನ್ನು ಬೆರಳುಗಳಿಂದ ಹಿಡಿದು ಎಳೆಯುತ್ತಾರೆ. ಗಂಡುಂಗುರ ಚರ್ಮಕ್ಕೆ ಸುಖ. ಆದರೆ ಬಿಡುವಾಗ ಹೆದೆ ಗೂಟದಿಂದ ಜಾರುವ ಕ್ಷಣ ಹಿಡಿತಕ್ಕೆ ಸಿಗುವುದು ತಡ. ಹೊಸಬರು ಹೆಣ್ಣುಂಗುರದಿಂದಲೇ ಶುರುಮಾಡಲಿ.

ಉಂಗುರದ ಅಳತೆಯಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ರಂಧ್ರ ದುಂಡಗಿರಬಾರದು, ಮೊಟ್ಟೆಯಾಕಾರದಲ್ಲಿರಬೇಕು. ಹೆಬ್ಬೆರಳಿನ ಗೆಣ್ಣು ಅಡ್ಡಕ್ಕೆ ಅಗಲ, ಮೇಲಿಂದ ಕೆಳಕ್ಕೆ ತೆಳು. ನಾಲಿಗೆ ಬೆರಳಿನ ಪಕ್ಕಕ್ಕೆ ಬರುವಂತೆ ಹಿಡಿದು ಉಂಗುರವನ್ನು ಗೆಣ್ಣು ದಾಟಿಸಬೇಕು, ಆಮೇಲೆ ಕಾಲು ಸುತ್ತು ತಿರುಗಿಸಿ ನಾಲಿಗೆಯನ್ನು ಮೆತ್ತನೆಯ ಭಾಗಕ್ಕೆ ತರಬೇಕು. ಈಗ ರಂಧ್ರದ ಕಿರಿದಾದ ಅಳತೆ ಗೆಣ್ಣಿನ ಅಗಲಕ್ಕೆ ಅಡ್ಡ ಬಂದು ಉಂಗುರ ಕಳಚುವುದಿಲ್ಲ. ಕೈ ಇಳಿಬಿಟ್ಟು ಜಾಡಿಸಿ ನೋಡಿ: ಬಿದ್ದರೆ ಸಡಿಲ. ಹಾಗೇ ಐದು ನಿಮಿಷ ಬಿಡಿ: ಉಗುರು ನೀಲಿಗಟ್ಟಿದರೆ ಬಿಗಿ. ಗೆಣ್ಣನ್ನು ಸಲೀಸಾಗಿ ಮಡಿಸಲು ಆಗಬೇಕು. ಆಗದಿದ್ದರೆ ನಾಲಿಗೆ ಉದ್ದವಾಯಿತು ಅಥವಾ ಉಂಗುರ ಗೆಣ್ಣಿನ ಮೇಲೆಯೇ ಕೂತಿದೆ ಎಂದರ್ಥ. ಬೆಳಗಿನ ಚಳಿಗೂ ಮಧ್ಯಾಹ್ನದ ಸೆಕೆಗೂ ಬೆರಳಿನ ಗಾತ್ರ ಬದಲಾಗುತ್ತದೆ. ಆದ್ದರಿಂದ ಕೂದಲೆಳೆಯಷ್ಟು ಸಡಿಲವಾದುದನ್ನೇ ಆರಿಸಿ ಒಳಗೆ ತೆಳು ಚರ್ಮದ ಪಟ್ಟಿ ಅಂಟಿಸಿಕೊಳ್ಳುವುದು ಜಾಣತನ. ಒಳ ಅಂಚು ಚುಚ್ಚಿದರೆ 400ರ ಉಪ್ಪುಕಾಗದದಲ್ಲಿ ಉಜ್ಜಿ, ನಂತರ 800ರಲ್ಲಿ ನಯಮಾಡಿ. ಕೊಂಬಿನ ಉಂಗುರವಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಉಜ್ಜಬೇಕು, ಅದರ ಧೂಳು ಒಳ್ಳೆಯದಲ್ಲ.

ಸರಿಯಾದ ಅಳತೆ ಸಿಗುವವರೆಗೆ 2–3 ಮಿಲಿಮೀಟರ್ ದಪ್ಪದ ಚರ್ಮದಲ್ಲಿ ಹೆಬ್ಬೆರಳಿನ ಕವಚ ಹೊಲಿಸಿಕೊಂಡರೂ ಸಾಕು. ಊರಿನ ಚಪ್ಪಲಿ ಹೊಲಿಯುವವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.

ಇನ್ನು ಹಿಡಿತ. ಬಲಗೈಯಿಂದ ಎಳೆಯುವವರ ಬಾಣ ಬಿಲ್ಲಿನ ಬಲಕ್ಕಿರಬೇಕು, ಎಡ ಹೆಬ್ಬೆರಳ ಮೇಲೆ ಕೂರಬೇಕು. ಮೂರು ಬೆರಳಿನ ಪದ್ಧತಿಯಲ್ಲಿ ಇದು ಎಡಕ್ಕಿರುತ್ತದೆ. ಚಿತ್ರ ನೋಡಿ ಕಲಿಯುವವರು ಎಡವುವುದು ಇಲ್ಲೇ. ಹೆಬ್ಬೆರಳು ಬಾಣದ ಕೆಳಗೆ ಹೆದೆಯನ್ನು ಸುತ್ತುತ್ತದೆ. ಹೆದೆ ಉಂಗುರದ ನಾಲಿಗೆಯ ಬುಡದಲ್ಲಿ, ಗೆಣ್ಣಿನ ಗೆರೆಗೆ ಹತ್ತಿರ ಕೂರಬೇಕು. ತುದಿಗೆ ಹೋದಷ್ಟೂ ಹೆಬ್ಬೆರಳು ತಾನಾಗಿ ತೆರೆದುಕೊಳ್ಳುತ್ತದೆ. ತೋರುಬೆರಳು ಹೆಬ್ಬೆರಳಿನ ಉಗುರಿನ ಬುಡದ ಮೇಲೆ ಬೀಗದಂತೆ ಕೂರುತ್ತದೆ, ಉಳಿದ ಮೂರು ಬೆರಳು ಅಂಗೈಯೊಳಕ್ಕೆ ಮಡಚಿರುತ್ತವೆ. ಎಳೆಯುವಾಗ ಅಂಗೈ ನಿಧಾನವಾಗಿ ನೆಲದ ಕಡೆ ತಿರುಗಬೇಕು. ಆಗ ತೋರುಬೆರಳಿನ ಪಕ್ಕ ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುತ್ತದೆ. ಬಾಣ ಪದೇಪದೇ ಬಲಕ್ಕೆ ಜಾರಿ ಬೀಳುತ್ತಿದ್ದರೆ ಕಾರಣ ಈ ತಿರುವು ಇಲ್ಲದಿರುವುದು, ಬಿಲ್ಲಿನ ದೋಷವಲ್ಲ.

ಮೊದಲ ವಾರ ಬಿಲ್ಲೇ ಬೇಡ. ಗಟ್ಟಿ ಹಗ್ಗದ ಒಂದು ಕುಣಿಕೆ ಮಾಡಿ, ಎಳೆದು ಹಿಡಿದಾಗ ಎಡ ಮುಷ್ಟಿಯಿಂದ ಬಲ ಕಿವಿಯವರೆಗೆ ಬರುವಷ್ಟು ಉದ್ದವಿರಲಿ. ಉಂಗುರಕ್ಕೆ ಸಿಕ್ಕಿಸಿ ಬಿಗಿಮಾಡಿ, ತೋರುಬೆರಳನ್ನು ಮಾತ್ರ ಸಡಿಲಬಿಡಿ. ಹಗ್ಗವೇ ಹೆಬ್ಬೆರಳನ್ನು ತಳ್ಳಿಕೊಂಡು ಹೋಗಬೇಕು. ಬಿಡುವುದೆಂದರೆ ಬೆರಳನ್ನು ಚಟ್ಟನೆ ಬಿಚ್ಚುವುದಲ್ಲ, ಹಿಡಿತ ಕರಗಿಹೋಗುವುದು. ಬೇಕೆಂದೇ ಬಿಚ್ಚಿದರೆ ಹೆದೆ ನಾಲಿಗೆಗೆ ತಗಲಿ ಉಂಗುರವೇ ಬಾಣದ ಹಿಂದೆ ಹಾರುತ್ತದೆ.

ಬಿಲ್ಲು ಕೊಳ್ಳುವಾಗ ಕೊಂಬಿನ ಬಿಲ್ಲಿಗೆ ಆಸೆಪಡಬೇಡಿ. ಗಕ್‌ಗುಂಗ್ ಎಂಬ ಆ ಬಿಲ್ಲಿನಲ್ಲಿ ಎಮ್ಮೆಕೊಂಬು, ಬಿದಿರು, ಹಿಪ್ಪುನೇರಳೆ ಮರ, ದನದ ನರ ಎಲ್ಲವನ್ನೂ ಮೀನಿನ ಗಾಳಿಚೀಲದ ಅಂಟಿನಲ್ಲಿ ಕೂಡಿಸಿರುತ್ತಾರೆ. ಅದು ಕೈಕೆಲಸದ ಅದ್ಭುತ. ಬಿಲ್ಲುಬಾಣ ಮಾಡುವವರ ಕಲೆಯನ್ನು ಕೊರಿಯಾ 1971ರಲ್ಲೇ ಪರಂಪರೆಯೆಂದು ಮಾನ್ಯಮಾಡಿದೆ. ಆದರೆ ಆ ಅಂಟು ತೇವ ಹೀರುತ್ತದೆ. ಅಲ್ಲಿನವರು ಅದನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಹೆದೆಯೇರಿಸುವ ಮೊದಲು ಕಾಯಿಸಿ, ಬಾಗು ತಿದ್ದಿ ಬಳಸುತ್ತಾರೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಕಲಿಯುವವರ ಕೈಗೆ ಕೊಡುವ ವಸ್ತು ಅದಲ್ಲ. ಅದೇ ಆಕಾರದಲ್ಲಿ ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಪದರದ ಬಿಲ್ಲುಗಳು ಸಿಗುತ್ತವೆ, ಕೊರಿಯಾದಲ್ಲೂ ಹೆಚ್ಚಿನವರು ಕಲಿಯುವುದು ಅವುಗಳಲ್ಲೇ. ಅವುಗಳನ್ನೂ ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಪದರ ಬಿಡುತ್ತದೆ.

ಎಳೆತದ ಭಾರ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲ, ವಯಸ್ಕರಿಗೆ 20–25 ಪೌಂಡ್ ಸಾಕು. ತೋಳಿನ ಬಲ ಎಷ್ಟೇ ಇರಲಿ, ಹೆಬ್ಬೆರಳಿಗೆ ಆ ಬಲ ಇನ್ನೂ ಬಂದಿರುವುದಿಲ್ಲ. 40 ಪೌಂಡಿನಿಂದ ಶುರುಮಾಡಿದವರು ಬೆರಳು ನೋಯಿಸಿಕೊಂಡು ತಿಂಗಳುಗಟ್ಟಲೆ ಸುಮ್ಮನಿರಬೇಕಾಗುತ್ತದೆ.

ಬಾಣದ ಉದ್ದದ ಬಗ್ಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ನಿಜವಾದ ಅಪಾಯ ಅಲ್ಲಿದೆ. ನಮ್ಮ ಕ್ರೀಡಾ ಅಂಗಡಿಗಳಲ್ಲಿ ಸಿಗುವ 28–30 ಇಂಚಿನ ಬಾಣ ಗಲ್ಲದವರೆಗೆ ಎಳೆಯುವವರಿಗೆ. ಕಿವಿಯಾಚೆ ಎಳೆದರೆ ಅದರ ಮೊನೆ ಬಿಲ್ಲಿನ ಒಳಕ್ಕೆ ಬಂದು ಎಡಗೈ ಹೆಬ್ಬೆರಳ ಹಿಂದೆ ಬೀಳುತ್ತದೆ. ಆಗ ಬಿಟ್ಟರೆ ಬಾಣ ನೆಡುವುದು ಸ್ವಂತ ಅಂಗೈಗೆ. ಕೊರಿಯನ್ನರಲ್ಲಿ ಈ ತಪ್ಪಿಗೆ ವೊಲ್‌ಚೊಕ್ ಎಂಬ ಹೆಸರೇ ಇದೆ. ಆದ್ದರಿಂದ ಹಗುರ ಬಿಲ್ಲಿನಲ್ಲಿ ಒಂದು ಉದ್ದ ಕಡ್ಡಿ ಹೂಡಿ ಪೂರ್ತಿ ಎಳೆಯಿರಿ, ಕಡ್ಡಿಯನ್ನು ಬಿಡದೆ ಹಿಡಿಯಿರಿ, ಬಿಲ್ಲಿನ ಹೊರಮೈಗೆ ತಾಗುವಲ್ಲಿ ಪಕ್ಕದವರು ಗುರುತು ಹಾಕಲಿ. ಅದಕ್ಕೆ 5 ಸೆಂಟಿಮೀಟರ್ ಸೇರಿಸಿ ಬಾಣ ತರಿಸಿ. ಬಾಣದ ತೂಕ ಎಳೆತದ ಒಂದು ಪೌಂಡಿಗೆ 0.6 ಗ್ರಾಂಗಿಂತ ಕಡಿಮೆಯಾಗದಿರಲಿ, ಅಂದರೆ 30 ಪೌಂಡಿನ ಬಿಲ್ಲಿಗೆ ಕನಿಷ್ಠ 18 ಗ್ರಾಂ. ಬಾಣ ತೀರ ಹಗುರಾದರೆ ಉಳಿದ ಶಕ್ತಿ ಬಿಲ್ಲಿನಲ್ಲೇ ನಡುಗಿ ಅದನ್ನು ಸೀಳುತ್ತದೆ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು ಎನ್ನುವುದಕ್ಕೂ ಇದೇ ಕಾರಣ. ಕಾರ್ಬನ್ ಬಾಣವನ್ನು ಪ್ರತಿ ಸಲ ಹೂಡುವ ಮೊದಲು ಮುಖದಿಂದ ದೂರ ಹಿಡಿದು ಕೊಂಚ ಬಗ್ಗಿಸಿ, ಕಿರ್ ಎಂದರೆ ಮುರಿದು ಎಸೆಯಿರಿ. ಗರಿಯ ಮುಂತುದಿಗೆ ದಾರ ಸುತ್ತಿ ಅಂಟು ಹಚ್ಚಿ ನಯಮಾಡದಿದ್ದರೆ ಅದು ಎಡ ಹೆಬ್ಬೆರಳನ್ನು ಬ್ಲೇಡಿನಂತೆ ಕೊಯ್ಯುತ್ತದೆ.

ಹೆದೆಯೇರಿಸುವುದಕ್ಕೆ ಅದಕ್ಕೆಂದೇ ಇರುವ ಹಗ್ಗ ಬಳಸಿ. ಕಾಲಿನ ನಡುವೆ ಹಾಯಿಸಿ ಬಗ್ಗಿಸಿದರೆ ಬಿಲ್ಲಿನ ತೋಳು ತಿರುಚುತ್ತದೆ. ಏರಿಸಿದ ಮೇಲೆ ಕೊಪ್ಪಿನ (ಬಿಲ್ಲಿನ ತುದಿಯ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಹೆದೆ ಎರಡೂ ತೋಳಿನ, ಹಿಡಿಯ ನಡುಮಧ್ಯೆ ಕಾಣಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಎಳೆಯಲೇಬೇಡಿ, ಇಳಿಸಿ ಮತ್ತೆ ಏರಿಸಿ. ಹೆದೆಯಲ್ಲಿ ಬಾಣ ಹೂಡುವ ಜಾಗ, ಬಾಣ ಹೆದೆಗೆ ಲಂಬವಾಗಿ ನಿಲ್ಲುವ ಬಿಂದುವಿಗಿಂತ ಅರ್ಧ ಸೆಂಟಿಮೀಟರಿನಷ್ಟು ಮೇಲಿರಲಿ.

ನಿಲ್ಲುವ ಭಂಗಿಯೂ ಬೇರೆ. ಗುರಿಗೆ ಪಕ್ಕ ಕೊಟ್ಟು ನಿಲ್ಲುವುದಿಲ್ಲ, ಹೆಚ್ಚುಕಡಿಮೆ ಎದುರಾಗಿಯೇ ನಿಲ್ಲುತ್ತಾರೆ. ಎಡ ಪಾದ ಗುರಿಯ ಕಡೆ, ಬಲ ಪಾದ ತುಸು ಹಿಂದೆ. ಬಿಲ್ಲಿನ ಹಿಡಿಯನ್ನು ಕೆಳಗಿನ ಮೂರು ಬೆರಳಲ್ಲಿ ಓರೆಯಾಗಿ ಹಿಡಿದು, ಎರಡೂ ಕೈಯನ್ನು ಒದ್ದೆ ಬಟ್ಟೆ ಹಿಂಡಿದಂತೆ ಒಳಕ್ಕೆ ತಿರುವುತ್ತಾರೆ. ಹೆದೆ ಕಿವಿಗೆ, ಕೆನ್ನೆಗೆ ಬಡಿಯುತ್ತಿದ್ದರೆ ತಲೆ ಮುಂದಕ್ಕೆ ಚಾಚಿದೆ ಅಥವಾ ಈ ತಿರುವು ಕಡಿಮೆಯಾಗಿದೆ ಎಂದರ್ಥ. ಓಲೆ, ಜುಮುಕಿ ತೆಗೆದಿಡಿ. ಜಡೆ, ದುಪಟ್ಟಾ ಹಿಂದಕ್ಕೆ ಕಟ್ಟಿಕೊಳ್ಳಿ. ಅಂಗಳದಲ್ಲಿ ಮಾತು ಬೇಡ ಎಂಬ ಕೊರಿಯನ್ ನಿಯಮವನ್ನೂ ಪಾಲಿಸುವುದು ಒಳ್ಳೆಯದು. ಪಕ್ಕದವರ ಒಂದು ಪ್ರಶ್ನೆ ಸಾಕು, ಅರ್ಧ ಎಳೆದ ಬಾಣ ಜಾರಲು.

ದೂರದ ವಿಷಯ. ಮೊದಲ ಎರಡು ತಿಂಗಳು 3–5 ಮೀಟರಿನಲ್ಲಿ, ಗುರಿಯ ಚಿತ್ರವೇ ಇಲ್ಲದ ಹುಲ್ಲಿನ ಕಂತೆಗೆ, ದಿನಕ್ಕೆ 30–40 ಬಾಣ. ಗೋಣಿಚೀಲಕ್ಕೆ ಹಳೆಬಟ್ಟೆ ಗಟ್ಟಿಯಾಗಿ ತುರುಕಿದರೂ ಆದೀತು. ಹೆಬ್ಬೆರಳಿನ ಚರ್ಮ ಕೆಂಪಾದರೆ ಅಂದಿಗೆ ನಿಲ್ಲಿಸಿ. ಆಮೇಲೆ 10 ಮೀಟರ್, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಮಾತ್ರ. ಮನೆಯ ತಾರಸಿಯ ಮೇಲೆ ಯಾರೂ ಹೊಡೆಯಬಾರದು. 145 ಮೀಟರಿನಾಚೆಗೆ ಬಾಣ ಕಳಿಸಲೆಂದೇ ಮಾಡಿದ ಬಿಲ್ಲು ಇದು. ಗುರಿ ತಪ್ಪಿದ ಬಾಣ ಎರಡು ಬೀದಿ ದಾಟಿ ಇಳಿಯುತ್ತದೆ, ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ.

— ಒಬ್ಬ ಬಿಲ್ವಿದ್ಯೆ ಅಭ್ಯಾಸಿ, ಮೈಸೂರು