ಸೋಮರ್‌ವಿಲ್ ಅವರದು ಪಲಾಯನವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯ ಲೇಖನವು, 1942ರ ಏಪ್ರಿಲ್‌ನಲ್ಲಿ ಜಪಾನಿ ನೌಕಾಪಡೆ ಶ್ರೀಲಂಕಾದ (ಆಗಿನ ಸಿಲೋನ್) ಮೇಲೆ ದಾಳಿಗೆ ಬಂದಾಗ ಬ್ರಿಟನ್ನಿನ ಪೂರ್ವ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಜೇಮ್ಸ್ ಸೋಮರ್‌ವಿಲ್ ಜಪಾನೀಯರಿಗೆ ಬೆನ್ನು ತೋರಿಸಿ ಓಡಿದರೆಂದು ಒಂದೇ ಮಾತಿನಲ್ಲಿ ತೀರ್ಪಿತ್ತಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವ ನಮ್ಮ ಗುಂಪಿನಲ್ಲೂ ಕೆಲವರು ಅದನ್ನೇ ಸರಿಯೆಂದು ವಾದಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸೋಮರ್‌ವಿಲ್ ಬಳಿಯಿದ್ದ ಐದು ಸಮರನೌಕೆಗಳೂ ಮೊದಲ ಮಹಾಯುದ್ಧದ ಕಾಲದವು; ಅವುಗಳಲ್ಲಿ ನಾಲ್ಕು ವೇಗವಿಲ್ಲದವು. ಎದುರಿಗಿದ್ದುದು ಪರ್ಲ್ ಹಾರ್ಬರ್ ದಾಳಿಯಲ್ಲಿ ಪಳಗಿದ್ದ, ಜಪಾನಿ ಅಡ್ಮಿರಲ್ ನಗುಮೊ ಅವರ ಐದು ವಿಮಾನವಾಹಕ ನೌಕೆಗಳ ಪಡೆ. ಕೇವಲ ನಾಲ್ಕು ತಿಂಗಳ ಹಿಂದೆ 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ಎಂಬ ಬ್ರಿಟಿಷ್ ಯುದ್ಧನೌಕೆಗಳನ್ನು ಜಪಾನಿ ವಿಮಾನಗಳು ಮಲಯಾದ ಬಳಿ ಒಂದೇ ದಿನ ಮುಳುಗಿಸಿದ್ದವು. ಆದ್ದರಿಂದ ಹಗಲಿನಲ್ಲಿ ಶತ್ರುವಿನ ಕಣ್ಣಿಗೆ ಬೀಳದೆ, ರೇಡಾರ್ ಅಳವಡಿಸಿದ್ದ 'ಆಲ್ಬಕೋರ್' ವಿಮಾನಗಳಿಂದ ರಾತ್ರಿ ಟಾರ್ಪಿಡೊ ದಾಳಿ ನಡೆಸುವುದು ಅವರ ಯೋಜನೆಯಾಗಿತ್ತು. ಅವಕಾಶ ಸಿಗದಿದ್ದಾಗ ಹಳೆಯ ಹಡಗುಗಳನ್ನು ಪೂರ್ವ ಆಫ್ರಿಕಾದ ಕಿಲಿಂಡಿನಿಗೆ ಕಳುಹಿಸಿ ಪಡೆಯನ್ನು ಉಳಿಸಿಕೊಂಡರು.

ಈ ವ್ಯಕ್ತಿ ಕ್ಷಯದ ಶಂಕೆಯಿಂದ 1939ರಲ್ಲಿ ನಿವೃತ್ತಿಗೊಂಡಿದ್ದವರು. ಯುದ್ಧ ಬಂದಾಗ ಮತ್ತೆ ಕೆಲಸಕ್ಕೆ ಹಾಜರಾದರು. ಫ್ರಾನ್ಸ್ ಸೋತ ಮೇಲೆ ಅದರ ನೌಕೆಗಳು ಜರ್ಮನರ ಕೈಸೇರದಂತೆ ತಡೆಯಲು ಲಂಡನ್ ಆಜ್ಞೆಯಿತ್ತಾಗ, 1940ರ ಜುಲೈನಲ್ಲಿ ಅಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್ ಬಂದರಿನಲ್ಲಿದ್ದ ಫ್ರೆಂಚ್ ಹಡಗುಗಳ ಮೇಲೆ ಬಲಪ್ರಯೋಗ ಬೇಡವೆಂದು ಲಂಡನ್‌ಗೆ ಮುಂಚಿತವಾಗಿಯೇ ತಿಳಿಸಿದ್ದರೂ, ಆಜ್ಞೆ ಬದಲಾಗದಿದ್ದಾಗ ಅದನ್ನು ನೆರವೇರಿಸಿದರು. 1,297 ಫ್ರೆಂಚರು ಸತ್ತರು. ಮೇಲಧಿಕಾರಿಗಳಿಗೆ ಎದುರಾಡಬಲ್ಲವರನ್ನು ಹೇಡಿಯೆನ್ನುವುದು, ನನ್ನ ಮಟ್ಟಿಗಂತೂ, ಒಪ್ಪತಕ್ಕ ಮಾತಲ್ಲ.

ಹಾಗೆಂದು ಅವರಲ್ಲಿ ದೋಷವೇ ಇಲ್ಲವೆನ್ನುತ್ತಿಲ್ಲ. ದಾಳಿಯ ಸಂಭವ ಕಳೆಯಿತೆಂದು ಭಾವಿಸಿ 'ಡಾರ್ಸೆಟ್‌ಶೈರ್' ಮತ್ತು 'ಕಾರ್ನ್‌ವಾಲ್' ಎಂಬ ಯುದ್ಧನೌಕೆಗಳನ್ನು ಕೊಲಂಬೊಗೂ, 'ಹರ್ಮಿಸ್' ಅನ್ನು ತ್ರಿಂಕೋಮಲಿಗೂ ಕಳುಹಿಸಿದ್ದು ಅವರೇ. ಮೊದಲೆರಡು ಏಪ್ರಿಲ್ 5ರಂದು ಮುಳುಗಿದವು; ತನ್ನ ಮೇಲೆ ಒಂದೂ ವಿಮಾನವಿಲ್ಲದ ವಿಮಾನವಾಹಕ ಹರ್ಮಿಸ್ 9ರಂದು ಬಟ್ಟಿಕಲೋವ ಬಳಿ ತಳ ಸೇರಿತು. ಲೇಖಕರು ಟೀಕಿಸಬೇಕಾಗಿದ್ದುದು ಈ ನಿರ್ಧಾರವನ್ನು. ವಿಚಿತ್ರವೆಂದರೆ ಅದರ ಪ್ರಸ್ತಾಪವೇ ಇಲ್ಲ.

ಏಪ್ರಿಲ್ 6ರಂದು ನಮ್ಮದೇ ವಿಶಾಖಪಟ್ಟಣ ಹಾಗೂ ಕಾಕಿನಾಡಗಳ ಮೇಲೆ ಜಪಾನಿ ಬಾಂಬುಗಳು ಬಿದ್ದುದನ್ನೂ ಲೇಖನ ಕೈಬಿಟ್ಟಿದೆ. ಆ ಭಾಗವನ್ನು ಮುಂದಿನ ಪುರವಣಿಯಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಸರಸ್ವತಿಪುರಂ, ಮೈಸೂರು