ಮಗಳಿಗೊಂದು ಪತ್ರ: ನಿನ್ನ ಸೈಕಲ್ ಯಾರಿಗಾದರೂ ತಾಗಿದರೆ

ಪುಟ್ಟೀ,

ನೀನು ಸೈಕಲ್ ತಗೊಂಡೆ ಅಂದಾಗ ನಿಮ್ಮಪ್ಪ ಕೇಳಿದ್ದು ಹೆಲ್ಮೆಟ್ ಇದೆಯಾ, ಹಿಂದೆ ಕೆಂಪು ದೀಪ ಇದೆಯಾ ಅಂತ. ಅಜ್ಜಿ ಕೇಳಿದ್ದು ಲಾರಿಗಳ ಬಗ್ಗೆ. ನಿನಗೆ ಯಾರು ಗುದ್ದುತ್ತಾರೋ ಅನ್ನುವುದೊಂದೇ ಎಲ್ಲರ ಚಿಂತೆ. ನೀನೇ ಯಾರಿಗಾದರೂ ಗುದ್ದಿದರೆ ಏನು ಮಾಡ್ತೀಯ ಅಂತ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಫೋನಿನಲ್ಲಿ ಹೇಳಹೋದರೆ "ಆಯ್ತಮ್ಮ, ಆಯ್ತಮ್ಮ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಕೂತು ಓದು.

ಬೆಂಗಳೂರಿನಲ್ಲಿ ನೀನು ಹೋಗುವ ದಾರಿ ನನಗೆ ಗೊತ್ತು. ಎಚ್‌ಎಸ್‌ಆರ್‌ನಿಂದ ಅಗರ, ಇಬ್ಬಲೂರು, ಬೆಳ್ಳಂದೂರು. 2020ರಲ್ಲಿ ಅಲ್ಲಿ ರಿಂಗ್ ರೋಡಿನ ಅಂಚಿಗೆ ಸೈಕಲ್ಲಿಗೆಂದೇ ಪಥ ಮಾಡಿದ್ದರು. ಮೆಟ್ರೊ ಕೆಲಸ ಶುರುವಾದ ಮೇಲೆ ಅದು ಉಳಿಯಲಿಲ್ಲ. ಫುಟ್‌ಪಾತ್ ಅಗೆದು ಹಾಕಿರುವ ಕಡೆ ನಡೆಯುವವರು ರಸ್ತೆಗೆ ಇಳಿಯುತ್ತಾರೆ, ಸೈಕಲ್ಲಿನವರಿಗೂ ಇರುವುದು ಅದೇ ಒಂದು ಮಾರಿನ ಅಂಚು. ಸಾಲದ್ದಕ್ಕೆ ಸೈಕಲ್ಲಿಗೆ ಸದ್ದಿಲ್ಲ. ನಿಂತ ಬಿಎಂಟಿಸಿ ಬಸ್ಸಿನ ಮರೆಯಿಂದ ರಸ್ತೆ ದಾಟುವವರ ಕಿವಿ ಇಂಜಿನ್ ಸದ್ದಿಗೆ ಕಾಯುತ್ತಿರುತ್ತದೆ, ನಿನ್ನ ಚೈನಿನ ಸದ್ದಿಗಲ್ಲ. ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ನೀನು ನೋಡಿ, ಬೆಚ್ಚಿ, ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀಯ. ಎಷ್ಟೇ ಹುಷಾರಾಗಿ ಓಡಿಸಿದರೂ ಒಂದು ದಿನ ಆಗಬಹುದಾದದ್ದು ಇದು.

ಹಾಗೇನಾದರೂ ಆದರೆ ಮೊದಲು ನಿಲ್ಲು. ಅವರು ಬಿದ್ದಿರಲಿ ಬಿದ್ದಿಲ್ಲದಿರಲಿ, "ಹೋಗಮ್ಮ, ಏನಾಗಿಲ್ಲ" ಅನ್ನಲಿ, ನಿಲ್ಲು. ಸೈಕಲ್ಲನ್ನು ಪಕ್ಕಕ್ಕೆ ಎಳೆದು ಹಾಕಿ, ಹಿಂದಿನಿಂದ ಬರುವ ಗಾಡಿಗಳಿಗೆ ಕೈ ತೋರಿಸಲು ಯಾರಿಗಾದರೂ ಹೇಳು. ಎರಡನೇ ಪೆಟ್ಟು ಸಾಮಾನ್ಯವಾಗಿ ಅಲ್ಲಿಂದ ಬರುತ್ತದೆ.

ನಮ್ಮೂರಲ್ಲಿ ಯಾರಾದರೂ ಬಿದ್ದರೆ ಸುತ್ತ ಇದ್ದವರು ಮಾಡುವ ಮೊದಲ ಕೆಲಸ ಕಂಕುಳಿಗೆ ಕೈ ಹಾಕಿ ಎತ್ತುವುದು. ಎರಡನೆಯದು ಮುಖಕ್ಕೆ ನೀರು ಎರಚಿ ಬಾಯಿಗೂ ಕುಡಿಸುವುದು. ಪ್ರೀತಿಯಿಂದಲೇ ಮಾಡುತ್ತಾರೆ. ವರ್ಷಗಟ್ಟಲೆ ಕ್ಯಾಶುವಾಲ್ಟಿಯಲ್ಲಿ ನರ್ಸಾಗಿ ದುಡಿದ ನಿನ್ನಮ್ಮ ಹೇಳುತ್ತಿದ್ದೇನೆ, ಎರಡನ್ನೂ ತಡೆ. ಅರೆಪ್ರಜ್ಞೆಯಲ್ಲಿ ಇರುವವರಿಗೆ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಬಹುದು. ಕತ್ತು ನೋಯುತ್ತಿದೆ, ಕೈಕಾಲು ಜುಮ್ಮೆನ್ನುತ್ತಿದೆ ಅಂದರೆ ಅಲ್ಲಾಡಿಸುವ ಹಾಗೇ ಇಲ್ಲ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಮಾತಾಡಿಸು: ಹೆಸರೇನು, ಎಲ್ಲಿಗೆ ಹೊರಟಿದ್ರಿ, ಇವತ್ತು ಯಾವ ವಾರ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಬಿದ್ದದ್ದೇ ನೆನಪಿಲ್ಲ ಅಂದರೆ ತಲೆಗೆ ಪೆಟ್ಟಾಗಿದೆ ಅಂತಲೇ ತಿಳಿದುಕೋ. ರಕ್ತ ಬರುತ್ತಿದ್ದರೆ ದುಪಟ್ಟಾನೋ ಕರ್ಚೀಫೋ ಮಡಿಚಿ ಒತ್ತಿ ಹಿಡಿ. ಒರೆಸಿ ಒರೆಸಿ ನೋಡಬೇಡ.

ವಯಸ್ಸಾದವರು ಬಿದ್ದರೆ ಕಾಲು ನೋಡು. ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಗೆ ವಾಲಿದ್ದರೆ ತೊಡೆಮೂಳೆ ಸೊಂಟದ ಹತ್ತಿರ ಮುರಿದಿರಬಹುದು. "ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡೋಣ" ಅನ್ನುವವರ ಮಾತು ಕೇಳಬೇಡ. ಇನ್ನೊಂದು ಪ್ರಶ್ನೆಯನ್ನಂತೂ ಮರೆಯಲೇಬೇಡ: ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಹಾರ್ಟಿಗೆ ಸ್ಟೆಂಟ್ ಹಾಕಿದಾರಾ? ಮಾತ್ರೆಯ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಅವರು ಒಪ್ಪಿದರೆ ಚೀಲದಲ್ಲೋ ಪರ್ಸಿನಲ್ಲೋ ಪಟ್ಟಿ ಇದೆಯಾ ನೋಡು. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇಂಥವು ತಗೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟಾದರೂ ಒಳಗೆ ರಕ್ತ ಜಿನುಗುತ್ತಾ ಇರಬಹುದು. ಎದ್ದು ನಿಂತು, ಸೀರೆ ಕೊಡವಿಕೊಂಡು, ಆಟೊ ಹತ್ತಿ ಮನೆಗೆ ಹೋದ ಅಜ್ಜಿಗೆ ಸಂಜೆ ವಾಂತಿ ಶುರುವಾಗಬಹುದು. ಕೆಲವರಲ್ಲಿ ಅದು ವಾರಗಳ ಮೇಲೆ, ತೂಕಡಿಕೆಯಾಗಿ, ಮರೆವಾಗಿ, ನಡೆಯುವಾಗ ಜೋಲಿಯಾಗಿ ಕಾಣಿಸಿಕೊಳ್ಳುತ್ತದೆ. ಆಗ ಮನೆಯವರಿಗೆ ಸೈಕಲ್ ನೆನಪೇ ಇರುವುದಿಲ್ಲ, ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಆದ್ದರಿಂದ ತಲೆ ತಾಗಿದೆ ಅಂದರೆ "ಏನಾಗಿಲ್ಲ" ಅನ್ನುವ ಮಾತಿಗೆ ಬೆಲೆ ಕೊಡಬೇಡ. ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸು, ಮನೆಯವರಿಗೆ ನೀನೇ ಫೋನ್ ಮಾಡಿ ಹೇಳು: ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಮಾತು ತೊದಲುವುದು, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಇದರಲ್ಲಿ ಯಾವುದು ಕಂಡರೂ ರಾತ್ರಿಯೆನ್ನದೆ ಕರೆದುಕೊಂಡು ಬನ್ನಿ ಅಂತ.

ಆಂಬುಲೆನ್ಸಿಗೆ 108, ಪೊಲೀಸರಿಗೆ 112. ತರಚಿದ ಗಾಯಕ್ಕೆ ಆಟೊ ಸಾಕು. ಕತ್ತು, ಬೆನ್ನು, ತೊಡೆ ಅನುಮಾನವಿದ್ದರೆ ಆಟೊ ಬೇಡ, ಮಲಗಿಸಿಯೇ ಸಾಗಿಸಬೇಕು. ಎಲ್ಲಿಗೆ ಅಂದರೆ ಹತ್ತಿರದ ಕ್ಯಾಶುವಾಲ್ಟಿಗೆ. ತಲೆಯ ಪೆಟ್ಟಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಮೂಳೆಗೆ ಜಯನಗರದ ಕಡೆ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಆದರೆ ಅಲ್ಲಿಗೆ ಕಳಿಸಬೇಕೋ ಬೇಡವೋ ಅನ್ನುವುದನ್ನು ಮೊದಲು ನೋಡಿದ ಡಾಕ್ಟರೇ ಹೇಳಲಿ. "ಪೊಲೀಸ್ ಕೇಸ್, ನಾವು ಮುಟ್ಟಲ್ಲ" ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ. ಮೊದಲು ಜೀವ, ಆಮೇಲೆ ಕಾಗದ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಅಲ್ಲಿ ಡಾಕ್ಟರ್ "ಹೇಗಾಯ್ತು?" ಅಂತ ಕೇಳುತ್ತಾರೆ. "ಬಾತ್‌ರೂಮಲ್ಲಿ ಜಾರಿ ಬಿದ್ರು" ಅನ್ನುವ ಉತ್ತರ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಸಾಗುತ್ತದೆ ಅನ್ನುವ ಭಯಕ್ಕೆ ಗಾಯಾಳುವೂ ಗುದ್ದಿದವರೂ ಸೇರಿಯೇ ಆ ಸುಳ್ಳು ಹೇಳುತ್ತಾರೆ. ಆದರೆ ಯಾವ ಕಡೆಯಿಂದ, ಎಷ್ಟು ವೇಗದಲ್ಲಿ ಪೆಟ್ಟು ಬಿತ್ತು ಅನ್ನುವುದರ ಮೇಲೆ ಏನೇನು ಪರೀಕ್ಷೆ ಮಾಡಬೇಕು ಅನ್ನುವುದು ನಿಂತಿರುತ್ತದೆ. ಸುಳ್ಳು ಹೇಳಿದರೆ ಆಗಬೇಕಾದ ಸ್ಕ್ಯಾನ್ ಆಗದೇ ಹೋಗಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳು. ಅವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆದು ಠಾಣೆಗೆ ತಿಳಿಸುತ್ತಾರೆ, ತಿಳಿಸಲಿ.

ರಸ್ತೆಯಲ್ಲಿ ಜನ ಸೇರಿದಾಗ ಏನಾಗುತ್ತದೆ ಅನ್ನುವುದನ್ನು ನೀನು ನೋಡಿಯೇ ಇದ್ದೀಯ. ಒಬ್ಬ ನ್ಯಾಯಾಧೀಶನಾಗುತ್ತಾನೆ, ಇನ್ನೊಬ್ಬ ವಿಡಿಯೊ ಮಾಡುತ್ತಾನೆ, ಮೂರನೆಯವನು "ಐನೂರು ಕೊಟ್ಟು ಮುಗಿಸಮ್ಮ" ಅನ್ನುತ್ತಾನೆ. ರಸ್ತೆಯಲ್ಲಿ ದುಡ್ಡು ಕೊಡಬೇಡ. ಜಿಪುಣತನಕ್ಕೆ ಹೇಳುತ್ತಿಲ್ಲ. ಏನಾಗಿದೆ ಅಂತ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ ಕೊಟ್ಟ ಐನೂರು ಅವರ ಬಾಯಿ ಮುಚ್ಚಿಸುತ್ತದೆ, ಆಸ್ಪತ್ರೆಗೆ ಹೋಗದ ಹಾಗೆ ಮಾಡುತ್ತದೆ. ಖರ್ಚು ನೀನು ಕೊಡುವುದಾದರೆ ಆಸ್ಪತ್ರೆಯ ಕೌಂಟರಿನಲ್ಲಿ ಯುಪಿಐ ಮಾಡು, ಬಿಲ್ಲಿನ ಒಂದು ಪ್ರತಿ ಇಟ್ಟುಕೋ. ಯಾರದು ತಪ್ಪು ಅನ್ನುವ ವಾದಕ್ಕೆ ಇಳಿಯಬೇಡ. "ಅಯ್ಯೋ, ಸಾರಿ ಅಜ್ಜಿ, ಎಲ್ಲಿ ನೋಯ್ತಿದೆ?" ಅನ್ನಲು ಹಿಂಜರಿಯಬೇಡ. ಆದರೆ ಯಾರೋ ಬರೆದು ತಂದ ಚೀಟಿಗೆ ಸಹಿ ಹಾಕಬೇಡ.

ಅವರ ನಂಬರ್ ತಗೊಂಡು ಅಲ್ಲೇ ಒಂದು ಮಿಸ್ಡ್ ಕಾಲ್ ಕೊಡು. ಜಾಗದ ಫೋಟೊ ತೆಗಿ: ಗುಂಡಿ, ನಿಂತಿದ್ದ ಬಸ್ಸು, ಸೈಕಲ್ ಬಿದ್ದ ಕಡೆ, ಬೆಳಕು ಎಷ್ಟಿತ್ತು. ಬಿದ್ದವರ ಮುಖದ ಫೋಟೊ ಬೇಡ. ಕಂಡವರು ಇಬ್ಬರ ನಂಬರ್ ಸಿಕ್ಕರೆ ಒಳ್ಳೆಯದು. ಎದುರಿನ ಬೇಕರಿಯದೋ ಅಪಾರ್ಟ್‌ಮೆಂಟಿನದೋ ಸಿಸಿಟಿವಿ ಇದ್ದರೆ ಅವತ್ತೇ ಕೇಳು. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ, ಆಮೇಲೆ ಕೇಳಿದರೆ ಸಿಗುವುದಿಲ್ಲ. ನೋಡಿದವರು ಆಸ್ಪತ್ರೆಗೆ ಬರಲು ಹೆದರಿದರೆ, ಗಾಯಾಳುವನ್ನು ತಂದು ಸೇರಿಸಿದವರಿಗೆ ಕಿರುಕುಳ ಕೊಡಬಾರದು ಅಂತ ನಮ್ಮ ರಾಜ್ಯದಲ್ಲಿ 2016ರದೇ ಒಂದು ಕಾನೂನು ಇದೆ ಅಂತ ಹೇಳು. ಆ ರಕ್ಷಣೆ ಅವರಿಗೆ, ಗುದ್ದಿದ ನಿನಗಲ್ಲ.

ಕಾನೂನಿನ ಮಾತು ಬಂತು. ನಿನ್ನ ವಕೀಲ ಮಾವನನ್ನು ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ್ದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದು. 1988ರ ಮೋಟಾರು ವಾಹನ ಕಾಯ್ದೆಗೆ ನಿನ್ನ ಸೈಕಲ್ ವಾಹನವೇ ಅಲ್ಲ. 250 ವ್ಯಾಟ್ ಒಳಗಿನ, 25 ಕಿ.ಮೀ. ವೇಗ ಮೀರದ ಬಾಡಿಗೆ ಇ-ಬೈಕ್‌ಗಳದೂ ಅದೇ ಕತೆ. ಹಾಗಾಗಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲ. ಪರಿಹಾರ ಕೇಳಲು ಮೋಟಾರು ಅಪಘಾತ ನ್ಯಾಯಮಂಡಳಿ ಇಲ್ಲ, ಸಾಮಾನ್ಯ ಸಿವಿಲ್ ಕೋರ್ಟಿಗೇ ಹೋಗಬೇಕು. ಅಪಘಾತದ ಗಾಯಾಳುವಿಗೆ 7 ದಿನದವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆ ಅಂತ ಕೇಂದ್ರ 2025ರಲ್ಲಿ ತಂದ ಯೋಜನೆಯೂ ಮೋಟಾರು ವಾಹನದಿಂದಾದ ಅಪಘಾತಕ್ಕೆ ಮಾತ್ರ. ಕೊನೆಗೆ, ಗುದ್ದಿದವರು ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು ಅಂತ ಹೇಳುವ 134ನೇ ಕಲಂ ಇದೆಯಲ್ಲ, ಅದೂ ಮೋಟಾರು ವಾಹನದ ಚಾಲಕರಿಗೇ ಬರೆದದ್ದು.

ಅಂದರೆ ಆಲ್ಟೋ ಕಾರು ಗುದ್ದಿದ್ದರೆ ಆ ಅಜ್ಜಿಯ ಬೆನ್ನಿಗೆ ಒಂದು ವಿಮಾ ಕಂಪನಿ ಇರುತ್ತಿತ್ತು. ನೀನು ಗುದ್ದಿದರೆ ಇರುವವಳು ನೀನೊಬ್ಬಳೇ. ಸೈಕಲ್ ಹೊಗೆ ಉಗುಳುವುದಿಲ್ಲ, ಬಡವರ ಗಾಡಿ, ಒಳ್ಳೆಯವರ ಗಾಡಿ ಅಂತ ನೀವೆಲ್ಲ ಹೆಮ್ಮೆಪಡುತ್ತೀರಿ, ಪಡಿ. ಆದರೆ ಕಾರಿನವನ ಮೇಲೆ ಕಾನೂನು ಹೊರಿಸಿದ ಕರ್ತವ್ಯವನ್ನು ನಿನ್ನ ಮೇಲೆ ನಾನು ಹೊರಿಸುತ್ತಿದ್ದೇನೆ.

ಹಾಗಂತ ಸೈಕಲ್ಲಿಗೆ ಶಿಕ್ಷೆಯೇ ಇಲ್ಲ ಅಂದುಕೊಳ್ಳಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ "ಯಾವುದೇ ವಾಹನ" ಅನ್ನುತ್ತದೆ, ಮೋಟಾರು ಅನ್ನುವುದಿಲ್ಲ. ಜೀವಕ್ಕೆ ಅಪಾಯವಾಗುವಂತೆ ಅಡ್ಡಾದಿಡ್ಡಿ ಓಡಿಸಿದರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. 125ನೇ ಕಲಂ ಪ್ರಕಾರ ಅಜಾಗರೂಕತೆಯಿಂದ ಮೂಳೆ ಮುರಿಯುವಂಥ ತೀವ್ರ ಗಾಯವಾದರೆ ಜೈಲು 3 ವರ್ಷದವರೆಗೂ ಹೋಗಬಹುದು. ರಾಂಗ್ ಸೈಡಿನಲ್ಲಿ, ಫುಟ್‌ಪಾತ್ ಮೇಲೆ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಬರುತ್ತಿದ್ದೆ ಅಂದರೆ ನಿನ್ನ ಪರ ಮಾತಾಡಲು ಮಾವನಿಗೂ ಕಷ್ಟ. ಬೆಂಗಳೂರಿನಲ್ಲಿ ಅಪಘಾತದ ಕೇಸು ಸಂಚಾರ ಠಾಣೆಗೆ ಹೋಗುತ್ತದೆ, ಮನೆ ಹತ್ತಿರದ ಕಾನೂನು-ಸುವ್ಯವಸ್ಥೆ ಠಾಣೆಗಲ್ಲ. ಒಬ್ಬಳೇ ಹೋಗಬೇಡ, ನಮ್ಮನ್ನು ಕರೆ. ನಡೆಯುತ್ತಿದ್ದವರೇ ಮೊಬೈಲ್ ನೋಡುತ್ತಾ ನಿನಗೆ ಅಡ್ಡ ಬಂದು, ಪೆಟ್ಟು ನಿನಗೇ ಹೆಚ್ಚಾಗಿದ್ದರೂ ಕ್ರಮ ಇದೇ.

ನಿನ್ನ ಪೆಟ್ಟು ಅಂದೆ. ಆ ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ. ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಒತ್ತಿದ್ದರೆ ಹೊರಗೆ ಬರೀ ನೀಲಿಗಟ್ಟಿರುತ್ತದೆ, ಒಳಗೆ ಗುಲ್ಮವೋ (ಸ್ಪ್ಲೀನ್) ಯಕೃತ್ತೋ (ಲಿವರ್) ಸೀಳಿರಬಹುದು. ಹೊಟ್ಟೆನೋವು ಹೆಚ್ಚುತ್ತಾ ಹೋದರೆ, ಎಡಭುಜಕ್ಕೆ ನೋವು ಬಂದರೆ, ತಲೆ ಸುತ್ತಿದರೆ ಕಾಯಬೇಡ. ಅಂಗೈ ಊರಿ ಬಿದ್ದಿದ್ದರೆ ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಗುಳಿಯನ್ನು ಒತ್ತಿ ನೋಡು. ಅಲ್ಲಿ ನೋಯುತ್ತಿದ್ದರೆ ಮೊದಲ ಎಕ್ಸ್‌ರೇ ಸರಿಯಾಗಿದೆ ಅಂದರೂ ಹತ್ತು ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ ತೆಗೆಸಬೇಕು. ಅಲ್ಲಿನ ಸಣ್ಣ ಮೂಳೆಯ ಬಿರುಕು ಮೊದಲ ದಿನ ಕಾಣದೇ ಇರುವುದುಂಟು. ತರಚಿದ್ದಕ್ಕೆ ಸೋಪು ನೀರು, ಟಿಟಿ. ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ನೋಡಲು ಚೆನ್ನಾಗಿದ್ದರೂ ಬಿಸಾಕು. ಸೈಕಲ್ಲನ್ನು ಅವತ್ತು ಓಡಿಸಬೇಡ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಾಗಿದೆಯೋ ಏನೋ.

ಇನ್ನು ಮಾರನೆಯ ದಿನ. ಎಲ್ಲರೂ ಬಿಟ್ಟುಬಿಡುವುದು ಇಲ್ಲೇ. ಬೆಳಿಗ್ಗೆ ಏಳರ ಹೊತ್ತಿಗೆ ನಿನ್ನ ರಸ್ತೆಯಲ್ಲಿ ನಡೆಯುತ್ತಿರುವವರು ಯಾರು ಅಂತ ಒಮ್ಮೆ ನೋಡು. ಅಪಾರ್ಟ್‌ಮೆಂಟುಗಳಿಗೆ ಮನೆಕೆಲಸಕ್ಕೆ ಹೋಗುವವರು, ಪೌರಕಾರ್ಮಿಕರು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು. ಮನೆಕೆಲಸದವರ ಮಣಿಕಟ್ಟು ಮುರಿದರೆ ಆಸ್ಪತ್ರೆಯ ಬಿಲ್ಲು ಸಣ್ಣ ವಿಷಯ. ಆರು ವಾರ ಪ್ಲಾಸ್ಟರ್ ಕಟ್ಟಿದ ಕೈಯಲ್ಲಿ ಪಾತ್ರೆ ತೊಳೆಯಲಾಗುವುದಿಲ್ಲ, ಅಷ್ಟರಲ್ಲಿ ಮೂರು ಮನೆಯವರೂ ಬೇರೆಯವರನ್ನು ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಬಿಲ್ಲು ಎಷ್ಟು ಅಂತ ಮಾತ್ರ ಕೇಳಬೇಡ, ತಿಂಗಳಿಗೆ ಎಷ್ಟು ಬರುತ್ತಿತ್ತು, ಯಾವ ಮನೆಗಳಲ್ಲಿ ಕೆಲಸ ಅಂತಲೂ ಕೇಳು. ಆ ಮನೆಗಳವರಿಗೆ ನೀನೇ ಫೋನ್ ಮಾಡಿ, ಕೆಲಸ ಬಿಡಿಸಬೇಡಿ ಅಂತ ಕೇಳಿಕೊಳ್ಳಬಹುದು. ಹಣ ಕೊಡುವ ಮಾತಾದರೆ ಎಷ್ಟು, ಯಾವಾಗ, ಯಾತಕ್ಕೆ ಅಂತ ಎರಡು ಪ್ರತಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಕೇಸು ದಾಖಲಾಗಿದ್ದರೆ ಮಾವನನ್ನು ಕೇಳದೆ ಯಾವ ಕಾಗದವೂ ಬೇಡ. ದುಡ್ಡು ಹೊಂದಿಸುವುದು ನಮಗೆ ಬಿಡು, ನೀನು ಮುಚ್ಚಿಡದಿದ್ದರೆ ಸಾಕು.

ನಿನ್ನ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಂದರೆ ಅಪಘಾತ ವಿಮೆಯ ಕಂತು, ಕಡಿತವಾಗುತ್ತಿದೆಯಾ ನೋಡು. ಅದು ನಿನ್ನ ಸಾವಿಗೆ, ಅಂಗ ಊನಕ್ಕೆ ಮಾತ್ರ, ನೀನು ಗುದ್ದಿದವರಿಗಲ್ಲ. ಆದರೂ ಇರಲಿ. ಫೋನಿನ ಲಾಕ್ ತೆಗೆಯದೆ ಕಾಣುವ ಹಾಗೆ ನನ್ನ ನಂಬರನ್ನೂ ನಿನ್ನ ರಕ್ತದ ಗುಂಪನ್ನೂ ಹಾಕು.

ಭಾನುವಾರ ಊಟಕ್ಕೆ ಬಾ, ಮಾವನೂ ಬರುತ್ತಾನೆ. ಸೈಕಲ್ಲಿನಲ್ಲೇ ಬರುವುದಾದರೆ ಸಿಲ್ಕ್ ಬೋರ್ಡ್ ಹತ್ತಿರ ಇಳಿದು ತಳ್ಳಿಕೊಂಡೇ ದಾಟು.

ಅಮ್ಮ